ಗೊಂಬೆಗಳಿಗೆ ಮನೆ ಕಟ್ಟಿದ ಶಂಕರ್

ಸಾಂತಾಕ್ರೂಜ್ ಪೂರ್ವದ ವಾಕೋಲಾ, ಕಲೀನಾ, ಪ್ರಭಾತ್ ಕಾಲೊನಿಗಳ ಕಡೆ ನೆಲಸಿರುವ ನಮ್ಮವರ ಮನೆಗಳನ್ನು ಹೊಕ್ಕಾಗ ಗೋಡೆಗೆ ಒರಗಿಸಿಟ್ಟ ಗಾಜಿನ ಕಪಾಟೊಂದು ಕಣ್ಣಿಗೆ ಬೀಳದೆ ಇರುವುದು ಅಪರೂಪ. ಮಕ್ಕಳಿಗೆ ಶಾಲೆಯಲ್ಲಿ ದೊರೆತ ಪದಕ, ಊರಿನಿಂದ ತಂದ ಯಕ್ಷಗಾನದ ವೇಷದ ಮಾದರಿ, ಬಿಲ್ಲವ ಭವನದ ಯಾವುದೋ ಸಮಾರಂಭದಲ್ಲಿ ಕೊಟ್ಟ ಸ್ಮರಣಿಕೆ, ಇವುಗಳ ನಡುವೆ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ನಿಲ್ಲಿಸಿದ ಒಂದು ಪರದೇಶದ ಗೊಂಬೆ. ಹೊರನಾಡಿನ ವಿಮಾನಗಳೆಲ್ಲ ಸಾಂತಾಕ್ರೂಜಿನಲ್ಲೇ ಇಳಿಯುತ್ತಿದ್ದ ಕಾಲದಲ್ಲಿ ಮಸ್ಕತ್ತಿನಿಂದಲೋ ಕುವೈತಿನಿಂದಲೋ ಬಂದ ಬಂಧುವೊಬ್ಬರು ತಂದಿತ್ತ ಗೊಂಬೆ ಅದು. ಅದರ ರೇಷ್ಮೆಯ ಲಂಗ ಮಾಸಬಾರದು, ಪುಟ್ಟ ಪಾದರಕ್ಷೆ ಕಳೆಯಬಾರದು ಎಂದು ಮನೆಯ ಮಗುವಿಗೆ ಕಪಾಟಿನ ಬೀಗದ ಕೈ ಕೊಡುವುದಿಲ್ಲ. ಮಗುವು ಗಾಜಿಗೆ ಮೂಗು ತಾಗಿಸಿ ನೋಡುತ್ತ ದೊಡ್ಡದಾಗುತ್ತದೆ.

ಆಡುವುದಕ್ಕಲ್ಲದೆ ನೋಡುವುದಕ್ಕೆಂದೇ ಉಡುಪು ತೊಟ್ಟ ಗೊಂಬೆಗಳನ್ನು ಕೂಡಿಹಾಕುವ ಹವ್ಯಾಸವನ್ನು ನಮ್ಮ ದೇಶದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಬೆಳೆಸಿದವರೆಂದರೆ ವ್ಯಂಗ್ಯಚಿತ್ರಕಾರ ಶಂಕರ್. ಅವರೂ ಒಂದು ಕಾಲಕ್ಕೆ ನಮ್ಮಂತೆಯೇ ಊರು ಬಿಟ್ಟು ಈ ಮುಂಬಯಿಗೆ ಬಂದವರು, ಇಲ್ಲಿಯ ಕಚೇರಿಯೊಂದರಲ್ಲಿ ದುಡಿದವರು ಎಂಬುದು ನಮ್ಮ ವಾಚಕರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!

ಕೇಶವ ಶಂಕರ ಪಿಳ್ಳೆಯವರು 1902ನೆಯ ಇಸವಿ ಜುಲೈ 31ರಂದು ಅಂದಿನ ತಿರುವಾಂಕೂರು ಸಂಸ್ಥಾನದ ಕಾಯಂಕುಳದಲ್ಲಿ ಜನಿಸಿದರು. ಶಾಲೆಯ ದಿನಗಳಲ್ಲಿಯೇ ಅವರ ಕೈ ಸುಮ್ಮನಿರದು. ತರಗತಿಯಲ್ಲಿ ನಿದ್ದೆಹೋದ ಉಪಾಧ್ಯಾಯರೊಬ್ಬರ ಚಿತ್ರವನ್ನು ಬರೆದು ಮುಖ್ಯೋಪಾಧ್ಯಾಯರ ಕೋಪಕ್ಕೆ ಗುರಿಯಾದರು. ಆದರೆ ಮನೆಯಲ್ಲಿ ಚಿಕ್ಕಪ್ಪನವರು ಅದೇ ಚಿತ್ರವನ್ನು ನೋಡಿ ಹುಡುಗನ ಬೆನ್ನು ತಟ್ಟಿದರು. ಎಷ್ಟೋ ಮಕ್ಕಳಿಗೆ ಮೊದಲನೆಯದು ದೊರೆಯುತ್ತದೆ, ಎರಡನೆಯದು ದೊರೆಯುವುದಿಲ್ಲ. ಮುಂದೆ ಮಾವೇಲಿಕ್ಕರೆಯ ರವಿವರ್ಮ ಚಿತ್ರಶಾಲೆಯಲ್ಲಿ ಚಿತ್ರಕಲೆಯ ಅಭ್ಯಾಸ ನಡೆಯಿತು. ನಾಟಕ, ಸ್ಕೌಟು, ನೆರೆಯಿಂದ ನೊಂದವರಿಗಾಗಿ ಚಂದಾ ಎತ್ತುವುದು ಮೊದಲಾದ ಕೆಲಸಗಳಲ್ಲಿಯೂ ಅವರು ಮುಂದು. 1927ರಲ್ಲಿ ತಿರುವನಂತಪುರದ ಮಹಾರಾಜಾ ಕಾಲೇಜಿನಿಂದ ವಿಜ್ಞಾನ ಪದವಿಯನ್ನು ಪಡೆದು, ಕಾನೂನು ಓದಿ ವಕೀಲನಾಗಬೇಕೆಂದು ಮುಂಬಯಿಯ ದಾರಿ ಹಿಡಿದರು.

ಈ ಮಹಾನಗರವು ಅಂದಿಗೂ ಇಂದಿನಂತೆಯೇ ಇದ್ದಿರಬೇಕು. ಓದುವುದಕ್ಕೆಂದು ಬಂದವನ ಎದುರಿಗೆ ಮೊದಲು ಬಂದು ನಿಲ್ಲುವುದು ಪುಸ್ತಕವಲ್ಲ, ತಿಂಗಳ ಕೊನೆಯ ಲೆಕ್ಕ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಕನ್ನಡದ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಂಕರರು ಕಾನೂನಿನ ಓದನ್ನು ನಡುವಿನಲ್ಲಿಯೇ ಕೈಬಿಟ್ಟು ಹಡಗು ಕಂಪನಿಯೊಂದರ ಕಚೇರಿಯಲ್ಲಿ ಉದ್ಯೋಗ ಹಿಡಿದರು. ಆದರೆ ಕಚೇರಿಯ ಕಾಗದಗಳು ಅವರ ಪೆನ್ಸಿಲನ್ನು ಕಟ್ಟಿಹಾಕಲಿಲ್ಲ. ಬಿಡುವಿನ ವೇಳೆಯಲ್ಲಿ ಬರೆದ ವ್ಯಂಗ್ಯಚಿತ್ರಗಳು ‘ಫ್ರೀ ಪ್ರೆಸ್ ಜರ್ನಲ್’, ‘ಬಾಂಬೆ ಕ್ರಾನಿಕಲ್’ ಪತ್ರಿಕೆಗಳಲ್ಲಿ ಬೆಳಕು ಕಂಡವು. ಉಪ್ಪಿನ ಸತ್ಯಾಗ್ರಹದ ಕಾವು ಮುಂಬಯಿಯ ಬೀದಿಬೀದಿಗಳನ್ನು ತುಂಬಿದ್ದ ವರುಷಗಳವು. ನೋಡುವ ಕಣ್ಣಿದ್ದವನಿಗೆ ವಿಷಯಕ್ಕೆ ಬರಗಾಲವೆಲ್ಲಿ?

1932ರಲ್ಲಿ ದಿಲ್ಲಿಯ ‘ಹಿಂದೂಸ್ತಾನ್ ಟೈಮ್ಸ್’ ಪತ್ರಿಕೆಯ ಸಂಪಾದಕರಾಗಿದ್ದ ಪೋತನ್ ಜೋಸೆಫರು ಶಂಕರರನ್ನು ತಮ್ಮ ಪತ್ರಿಕೆಗೆ ಕರೆಸಿಕೊಂಡರು. 1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಹುಟ್ಟಿದಾಗ ಅದರ ಮೊದಲ ಸಂಪಾದಕರಾದವರೂ ಇದೇ ಜೋಸೆಫರು. ಶಂಕರರು ಹೆಂಡತಿ ಮಕ್ಕಳೊಡನೆ ದಿಲ್ಲಿಗೆ ಹೋದರು. ಅಲ್ಲಿಂದ ಮುಂದಕ್ಕೆ ಅವರು ದಿಲ್ಲಿಯವರೇ. ನಡುವೆ ಸುಮಾರು 14 ತಿಂಗಳು ಲಂಡನ್ನಿನಲ್ಲಿ ಚಿತ್ರಕಲೆಯ ಶಿಕ್ಷಣವಾಯಿತು. 1946ರವರೆಗೆ ಆ ಪತ್ರಿಕೆಯಲ್ಲಿದ್ದು, 1948ರಲ್ಲಿ ತಮ್ಮದೇ ಆದ ‘ಶಂಕರ್ಸ್ ವೀಕ್ಲಿ’ಯನ್ನು ಪ್ರಾರಂಭಿಸಿದರು. ಪ್ರಧಾನಿ ನೆಹರೂರವರು ಅದನ್ನು ಉದ್ಘಾಟಿಸಿ, ತಮ್ಮನ್ನು ಮಾತ್ರ ಬಿಟ್ಟುಬಿಡಬೇಡಿರೆಂದು ಶಂಕರರನ್ನು ಕೇಳಿಕೊಂಡ ಸಂಗತಿ ಪ್ರಸಿದ್ಧವಾಗಿದೆ. ಶಂಕರರು ಬಿಡಲೂ ಇಲ್ಲ. ಆ ವಾರಪತ್ರಿಕೆಯ ಕಥೆ, ಅಲ್ಲಿ ಪಳಗಿದ ಕುಟ್ಟಿ, ಅಬು, ಓ. ವಿ. ವಿಜಯನ್ ಮುಂತಾದವರ ಕಥೆ ಇನ್ನೊಂದು ಲೇಖನಕ್ಕೆ ಸಾಕಾಗುವಷ್ಟಿದೆ. ನಾವೀಗ ಗೊಂಬೆಗಳ ಕಡೆಗೆ ಹೊರಳೋಣ.

ದೊಡ್ಡವರ ಡಂಭವನ್ನು ವಾರವಾರವೂ ನಗೆಗೀಡುಮಾಡುತ್ತಿದ್ದ ಶಂಕರರಿಗೆ ಮಕ್ಕಳೆಂದರೆ ಪ್ರಾಣ. 1949ರಲ್ಲಿ ಅವರು ಮಕ್ಕಳಿಗಾಗಿ ಚಿತ್ರಕಲೆ ಹಾಗೂ ಬರವಣಿಗೆಯ ಸ್ಪರ್ಧೆಯನ್ನು ಏರ್ಪಡಿಸತೊಡಗಿದರು. ಅದು ಬೇಗನೆ ನಾನಾ ದೇಶಗಳ ಮಕ್ಕಳು ಪಾಲ್ಗೊಳ್ಳುವ ಸ್ಪರ್ಧೆಯಾಗಿ ಬೆಳೆಯಿತು. 1950ರ ದಶಕದ ಪ್ರಾರಂಭದಲ್ಲೊಮ್ಮೆ ಹಂಗೇರಿ ದೇಶದ ರಾಯಭಾರಿಯವರು ಈ ಸ್ಪರ್ಧೆಯಲ್ಲಿ ಬಹುಮಾನವಾಗಿ ಕೊಡಲೆಂದು ತಮ್ಮ ನಾಡಿನ ಉಡುಪು ತೊಟ್ಟ ಗೊಂಬೆಯೊಂದನ್ನು ಶಂಕರರ ಕೈಗಿತ್ತರು. ಐವತ್ತರ ಹತ್ತಿರ ಬಂದಿದ್ದ ಮನುಷ್ಯ, ಮಂತ್ರಿಗಳ ನಿದ್ದೆಗೆಡಿಸುವ ವ್ಯಂಗ್ಯಚಿತ್ರಕಾರ, ಆ ಗೊಂಬೆಗೆ ಮನಸೋತುಹೋದರು. ಅಂದಿನಿಂದ ಅವರು ಹೊರದೇಶಕ್ಕೆ ಹೋದಾಗಲೆಲ್ಲ ಹಿಂದಿರುಗುವ ಪೆಟ್ಟಿಗೆಯಲ್ಲಿ ಆಯಾ ದೇಶದ ಗೊಂಬೆಗಳಿಗೆ ಜಾಗವಿರುತ್ತಿತ್ತು.

ಇದೇನು ಹೊಸ ಹುಚ್ಚು ಎನ್ನುವಂತಿಲ್ಲ. ಚಿತ್ರಗಳಿರುವ ಪತ್ರಿಕೆಗಳು ಬರುವುದಕ್ಕೆ ಮುಂಚೆ ಪ್ಯಾರಿಸಿನ ದರ್ಜಿಗಳು ಹೊಸ ಮಾದರಿಯ ಉಡುಪನ್ನು ಚಿಕ್ಕದಾಗಿ ಹೊಲಿದು ಗೊಂಬೆಗೆ ತೊಡಿಸಿ ಹೊರದೇಶಗಳ ಅರಮನೆಗಳಿಗೆ ಕಳುಹಿಸುತ್ತಿದ್ದರು. ಅದನ್ನು ನೋಡಿ ಅಲ್ಲಿಯ ಶ್ರೀಮಂತ ಸ್ತ್ರೀಯರು ತಮ್ಮ ಉಡುಪನ್ನು ಹೊಲಿಸಿಕೊಳ್ಳುತ್ತಿದ್ದರು. ವಿಕ್ಟೋರಿಯಾ ರಾಣಿಯು ಬಾಲ್ಯದಲ್ಲಿ ತನ್ನ ಶಿಕ್ಷಕಿಯ ಜತೆಗೂಡಿ ಮರದ ಗೊಂಬೆಗಳಿಗೆ ಉಡುಪು ಹೊಲಿದು ತೊಡಿಸಿದ್ದಳು; ಅವುಗಳ ಸಂಖ್ಯೆ 132. ಅರಮನೆಯ ಒಂಟಿತನದಲ್ಲಿ ಆ ಹುಡುಗಿಗೆ ಒಡನಾಡಿಗಳೆಂದರೆ ಅವೇ. ಇನ್ನು 1959ರಲ್ಲಿ ಅಮೆರಿಕದ ಆಟಿಕೆಗಳ ಮೇಳದಲ್ಲಿ ಕಾಣಿಸಿಕೊಂಡ ಬಾರ್ಬಿಯಂತೂ ಲೋಕವನ್ನೇ ಗೆದ್ದಿತು. ಸುಮಾರು ಹನ್ನೊಂದೂವರೆ ಅಂಗುಲದ ಆ ಗೊಂಬೆಯ ಮೊದಲ ವರುಷದ ಪ್ರತಿಗಳನ್ನು ಹುಡುಕಿಕೊಂಡು ಅಲೆಯುವ ಸಂಗ್ರಾಹಕರು ಇಂದಿಗೂ ಇದ್ದಾರೆ. ಅವರಿಗೆ ಗೊಂಬೆಯೊಂದೇ ಸಾಲದು. ಅದು ಅಂಗಡಿಯಿಂದ ಬಂದಾಗ ತೊಟ್ಟಿದ್ದ ಕಪ್ಪುಬಿಳುಪು ಪಟ್ಟೆಯ ಈಜುಡುಗೆಯೂ, ಬೆರಳ ತುದಿಯಷ್ಟು ಪಾದರಕ್ಷೆಯೂ ಜತೆಗಿರಬೇಕು.

ನಮ್ಮ ಕನ್ನಡನಾಡಿಗೂ ಇದು ಹೊಸತಲ್ಲ. ಹಳೆಯ ಮೈಸೂರಿನ ಮನೆಗಳಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಮರದ ಪಟ್ಟದ ಗೊಂಬೆಗಳ ಜೋಡಿಯನ್ನು ಕೊಟ್ಟು ಕಳುಹಿಸುತ್ತಿದ್ದರು. ನವರಾತ್ರಿ ಬಂತೆಂದರೆ ಅವುಗಳನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ರಾಜನಿಗೆ ಪೇಟ, ರಾಣಿಗೆ ಜರಿಯ ಸೀರೆ ಹೊಸದಾಗಿ ಹೊಂದಿಸಿ ಎಲ್ಲಕ್ಕೂ ಮೇಲಿನ ಮೆಟ್ಟಿಲಲ್ಲಿ ಕೂರಿಸುವುದು ಪದ್ಧತಿ. ಅಜ್ಜಿಯ ಹರಿದ ಪಟ್ಟೆಸೀರೆಯ ಅಂಚು ರಾಣಿಯ ಸೆರಗಾಗುತ್ತಿತ್ತು. ಊರು ಬಿಟ್ಟ ಮೇಲೆ ಆ ಪೆಟ್ಟಿಗೆಗಳಲ್ಲಿ ಎಷ್ಟೋ ಅಟ್ಟದ ಮೇಲೆಯೇ ಉಳಿದವು. ಮುಂಬಯಿಯ ಹತ್ತಡಿಯ ಖೋಲಿಯಲ್ಲಿ ಮೆಟ್ಟಿಲು ಕಟ್ಟುವುದಕ್ಕೆ ಸ್ಥಳವೆಲ್ಲಿ?

ಶಂಕರರ ಸಂಗ್ರಹವು ಸುಮಾರು 500 ಗೊಂಬೆಗಳಷ್ಟಾಯಿತು. ಅವುಗಳನ್ನು ಒಬ್ಬರೇ ನೋಡಿ ಸಂತೋಷಪಡುವ ಜಿಪುಣತನ ಅವರದಲ್ಲ. ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದ ಕಡೆಗಳಿಗೆಲ್ಲ ಗೊಂಬೆಗಳನ್ನೂ ಒಯ್ದು, ಹೊರದೇಶವನ್ನು ಕನಸಿನಲ್ಲಿಯೂ ಕಾಣಲಾರದ ಮಕ್ಕಳಿಗೆ ತೋರಿಸಿದರು. ಇಲ್ಲಿಯೇ ತೊಡಕು ಹುಟ್ಟಿತು. ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಗೊಂಬೆಯ ಕೈಬೆರಳು ಮುರಿಯುತ್ತದೆ. ಟೊಪ್ಪಿಗೆಯ ಗರಿ ಬಾಗುತ್ತದೆ. ಕಸೂತಿಯ ನೂಲು ಎಳೆಬಿಡುತ್ತದೆ. ಜನರಿಗೆ ತೋರಿಸಿದರೆ ಗೊಂಬೆ ಹಾಳು, ತೋರಿಸದಿದ್ದರೆ ಗೊಂಬೆಯಿದ್ದೂ ವ್ಯರ್ಥ. ಗಾಜಿನ ಕಪಾಟಿನ ಬೀಗದ ಕೈಯನ್ನು ಹಿಡಿದು ನಿಂತ ತಾಯಿಗೂ ಇದೇ ಸಂಕಟವಲ್ಲವೆ? ಆದರೆ ಆಕೆ ಬೀಗ ತೆಗೆಯುವುದಿಲ್ಲ. ಶಂಕರರು ಕಪಾಟನ್ನೇ ದೊಡ್ಡದು ಮಾಡಲು ಹೊರಟರು. ಪ್ರದರ್ಶನವನ್ನು ನೋಡಲು ಬಂದ ನೆಹರೂ ಮತ್ತು ಇಂದಿರಾ ಗಾಂಧಿಯವರೊಡನೆ ಈ ಕಷ್ಟವನ್ನು ಹೇಳಿಕೊಂಡಾಗ, ಗೊಂಬೆಗಳಿಗೆ ಶಾಶ್ವತವಾದ ನೆಲೆಯೊಂದಿರಬೇಕೆಂಬ ಸಲಹೆ ಹುಟ್ಟಿಕೊಂಡಿತು.

ಅಷ್ಟರಲ್ಲಿ, ಅಂದರೆ 1957ರಲ್ಲಿ, ಒಳ್ಳೆಯ ಪುಸ್ತಕಗಳನ್ನು ಕಡಮೆ ಬೆಲೆಗೆ ಮಕ್ಕಳಿಗೆ ಒದಗಿಸಲೆಂದು ಶಂಕರರು ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದರು. ದಿಲ್ಲಿಯ ಬಹಾದುರ್ ಷಾ ಜಫರ್ ಮಾರ್ಗದಲ್ಲಿ ಆ ಸಂಸ್ಥೆಗಾಗಿ ಎದ್ದುನಿಂತ ನೆಹರೂ ಹೌಸ್ ಕಟ್ಟಡದಲ್ಲಿಯೇ ಗೊಂಬೆಗಳಿಗೂ ಮನೆಯಾಯಿತು. 1964ರ ಮೇ ತಿಂಗಳಲ್ಲಿ ತೀರಿಕೊಂಡ ನೆಹರೂರವರಿಗೆ ಅದನ್ನು ನೋಡುವ ಯೋಗವಿರಲಿಲ್ಲ. 1965ರ ನವೆಂಬರ್ 30ರಂದು ರಾಷ್ಟ್ರಪತಿ ಡಾ. ರಾಧಾಕೃಷ್ಣನ್‌ರವರು ವಸ್ತುಸಂಗ್ರಹಾಲಯದ ಬಾಗಿಲು ತೆರೆದರು. ತಾರುಣ್ಯದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಆ ತತ್ತ್ವಜ್ಞಾನಿಗೆ ದಸರಾ ಗೊಂಬೆಗಳ ಪರಿಚಯ ಮೊದಲೇ ಇದ್ದಿರಬೇಕು.

ಸುಮಾರು 5200 ಚದರಡಿಯ ಆ ಸ್ಥಳದಲ್ಲಿ 160ಕ್ಕೂ ಹೆಚ್ಚು ಗಾಜಿನ ಪೆಟ್ಟಿಗೆಗಳಿವೆ. ಮೊದಲಿಗೆ ಸುಮಾರು 1000 ಗೊಂಬೆಗಳಿದ್ದವು; ಇಂದು ಸುಮಾರು 85 ದೇಶಗಳ 6500ರಷ್ಟಿವೆ. ಜಪಾನಿನ ಕಬುಕಿ ನಟ, ಸಾಮುರಾಯ್ ಯೋಧ, ಹೆಣ್ಣುಮಕ್ಕಳ ಹಬ್ಬದಲ್ಲಿ ಪಟ್ಟದ ಗೊಂಬೆಗಳಂತೆಯೇ ಮೆಟ್ಟಿಲ ಮೇಲೆ ಕೂರಿಸುವ ರಾಜರಾಣಿಯರು, ಸ್ಪೇನಿನ ನರ್ತಕಿಯರು, ಥಾಯ್ಲೆಂಡಿನ ಸ್ತ್ರೀಯರ ವಾದ್ಯಮೇಳ, ಸಿಂಹಳದ ಕ್ಯಾಂಡಿ ನಗರದ ಪೆರಹೆರಾ ಮೆರವಣಿಗೆ, ಹೀಗೆ ಒಂದೇ ಮಧ್ಯಾಹ್ನದಲ್ಲಿ ಮಗುವೊಂದು ಭೂಮಂಡಲವನ್ನು ಸುತ್ತಿಬರಬಹುದು. ಭಾರತದ ನಾನಾ ಪ್ರದೇಶಗಳ ಉಡುಗೆ ತೊಡುಗೆಗಳನ್ನು ತೊಟ್ಟ ಗೊಂಬೆಗಳೇ 500ರ ಆಸುಪಾಸಿನಲ್ಲಿವೆ.

ಈ ಭಾರತೀಯ ಗೊಂಬೆಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅವು ಸಂಗ್ರಹಾಲಯಕ್ಕೆ ಸೇರಿದ ಕಾರ್ಯಾಗಾರದಲ್ಲಿಯೇ ತಯಾರಾದವು. ಸುಮಾರು 150 ಬಗೆಯ ಗೊಂಬೆಗಳು ಅಲ್ಲಿ ರೂಪುಗೊಂಡಿವೆ. ಆಯಾ ಸೀಮೆಯ ಜನರ ಮುಖಚರ್ಯೆ, ಮೈಬಣ್ಣ, ಸೀರೆಯುಡುವ ರೀತಿ, ಒಡವೆ, ಇವುಗಳನ್ನು ವಿಚಾರಿಸಿ ತಿಳಿದುಕೊಂಡ ಬಳಿಕವೇ ಕೆಲಸ ಪ್ರಾರಂಭ. ದರ್ಜಿಯ ಕೆಲಸ ಬಲ್ಲವರಿಗೆ ಇದರ ಕಷ್ಟ ತಿಳಿಯುತ್ತದೆ. ನಾವು ಉಡುವ ಬಟ್ಟೆಯನ್ನು ಹಾಗೆಯೇ ಕತ್ತರಿಸಿ ಒಂದಡಿಯ ಗೊಂಬೆಗೆ ಉಡಿಸಿದರೆ ನೆರಿಗೆ ಮಡಿಯುವುದಿಲ್ಲ, ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಸೀರೆಯ ಅಂಚು ಮೊಣಕಾಲಿನವರೆಗೆ ಏರುತ್ತದೆ. ಬಟ್ಟೆ ತೆಳುವಾಗಿರಬೇಕು, ಅಂಚು ಕಿರಿದಾಗಿರಬೇಕು, ಹೊಲಿಗೆ ಕಣ್ಣಿಗೆ ಬೀಳಬಾರದು. ಹೀಗೆ ಮಾಡಿದ ಗೊಂಬೆಗಳನ್ನು ಹೊರದೇಶಗಳಿಗೆ ಕಳುಹಿಸಿ ಬದಲಿಗೆ ಅವರ ಗೊಂಬೆಗಳನ್ನು ತರಿಸಿಕೊಳ್ಳುವ ಏರ್ಪಾಡನ್ನು ಶಂಕರರು ಮಾಡಿದರು. ಕೈಯಲ್ಲಿ ಹಣವಿಲ್ಲದಿದ್ದರೂ ಕಸಬಿದ್ದವನು ವ್ಯಾಪಾರ ಮಾಡಬಲ್ಲನೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷೆಯಾಗಿ ಕೈಕಸಬುಗಳನ್ನು ಮೂಲೆಯಿಂದ ಎತ್ತಿ ಅಂಗಡಿಯ ಮುಂಗಟ್ಟೆಗೆ ತಂದ ಕಾಲವೂ ಅದೇ.

ಒಂದು ಆಕ್ಷೇಪಣೆಯನ್ನು ಮಾತ್ರ ಹೇಳದೆ ಇರಲಾರೆ. ಉಡುಪಿನ ಗೊಂಬೆಗಳ ಸಂಗ್ರಹಗಳಲ್ಲಿ ಎಲ್ಲ ನಾಡಿನವರೂ ಹಬ್ಬದ ದಿನದಲ್ಲಿಯೇ ಬದುಕುತ್ತಾರೆ. ಸಾಮಾನ್ಯವಾಗಿ ಅಲ್ಲಿರುವವರು ಮದುಮಗ, ಮದುಮಗಳು, ನರ್ತಕಿ, ಯೋಧ. ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಎಡಗೈಯಲ್ಲಿ ನಾಲ್ಕು ಚಹದ ಲೋಟ ಹಿಡಿದವನನ್ನು, ಮೊಣಕೈ ಸವೆದ ಅಂಗಿಯಲ್ಲಿ ಲೆಕ್ಕದ ಪುಸ್ತಕದ ಮೇಲೆ ಬಾಗಿದವನನ್ನು ಗೊಂಬೆ ಮಾಡುವವರು ವಿರಳ. ಅದೂ ಒಂದು ಉಡುಪೇ, ಅದನ್ನು ತೊಟ್ಟವರೂ ಒಂದು ನಾಡಿನ ಜನವೇ. ಸ್ವತಃ ಕಚೇರಿಯಲ್ಲಿ ದುಡಿದಿದ್ದ ಶಂಕರರ ಲೇಖನಿಯು ವ್ಯಂಗ್ಯಚಿತ್ರದಲ್ಲಿ ಎಲ್ಲ ಬಗೆಯ ಮನುಷ್ಯರನ್ನೂ ಹಿಡಿಯಿತು; ಗೊಂಬೆಗಳ ವಿಷಯದಲ್ಲಿ ಅವರು ಅಂದವನ್ನೇ ಆರಿಸಿಕೊಂಡರು. ಮಕ್ಕಳ ಮುಂದೆ ಅಂದವನ್ನೇ ಇಡಬೇಕೆಂಬ ಮಮತೆಯಿಂದ ಹಾಗೆ ಮಾಡಿದರೆಂದು ನನಗೆ ತೋರುತ್ತದೆ.

1975ರಲ್ಲಿ ತುರ್ತುಪರಿಸ್ಥಿತಿಯ ಕಾಲದಲ್ಲಿ ‘ಶಂಕರ್ಸ್ ವೀಕ್ಲಿ’ ನಿಂತುಹೋಯಿತು. ಆಗಸ್ಟ್ 31ರ ಸಂಚಿಕೆಯೇ ಕೊನೆಯದು. ನಗುವನ್ನು ಸಹಿಸದ ಕಾಲದಲ್ಲಿ ನಗೆಯ ಪತ್ರಿಕೆಗೆ ಕೆಲಸವಿಲ್ಲವೆಂಬ ಭಾವವನ್ನು ವಾಚಕರಿಗೆ ತಿಳಿಸಿ, 27 ವರುಷಗಳ ಪತ್ರಿಕೆಗೆ ತಾವೇ ತೆರೆಯೆಳೆದರು. ಆಗ ಅವರಿಗೆ 73 ವಯಸ್ಸು. ದೊಡ್ಡವರ ಲೋಕದ ಅಂಗಡಿಯನ್ನು ಮುಚ್ಚಿದ ಮೇಲೆ ಉಳಿದದ್ದು ಮಕ್ಕಳ ಪುಸ್ತಕಗಳು, ಮಕ್ಕಳ ಸ್ಪರ್ಧೆ ಮತ್ತು ಗೊಂಬೆಗಳು. ಅವುಗಳಿಗೆ ಅವರು ತಮ್ಮ ಪೂರ್ಣ ಕಾಲವನ್ನು ಕೊಟ್ಟರು.

ಗೌರವಗಳು ತಾವಾಗಿ ಬಂದವು. 1956ರಲ್ಲಿ ಪದ್ಮಶ್ರೀ, 1966ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. 1977ರಲ್ಲಿ ಪೋಲೆಂಡಿನ ಮಕ್ಕಳು ಆರಿಸಿ ಕೊಡುವ ‘ಮುಗುಳ್ನಗೆಯ ಪದವಿ’ ಅವರದಾಯಿತು. ಅದನ್ನು ಪಡೆಯುವವರು ಒಂದು ಲೋಟ ಹುಳಿಯಾದ ನಿಂಬೆಯ ರಸವನ್ನು ಮುಖ ಕಿವುಚದೆ, ನಗುನಗುತ್ತ ಕುಡಿಯಬೇಕೆಂಬುದು ಅಲ್ಲಿಯ ನಿಯಮ. ಅದೇ ಪೋಲೆಂಡಿನ ಕ್ರಾಕೊ ನಗರದಲ್ಲಿ 1980ರಲ್ಲಿ ನಡೆದ ಗೊಂಬೆಗಳ ಮಹಾಮೇಳದಲ್ಲಿ ದಿಲ್ಲಿಯ ಸಂಗ್ರಹಾಲಯಕ್ಕೆ ‘ಚಿನ್ನದ ನವಿಲುಗರಿ’ ಎಂಬ ಮೊದಲ ಬಹುಮಾನ ದೊರೆಯಿತು. ಸರಕಾರದ ಬಿರುದುಗಳಿಗಿಂತ ಈ ನಿಂಬೆಯ ರಸವೂ ನವಿಲುಗರಿಯೂ ಅವರಿಗೆ ಹೆಚ್ಚು ಒಪ್ಪುತ್ತಿದ್ದವೆಂದು ಹೇಳಿದರೆ ತಪ್ಪಾಗಲಾರದು.

1989ರ ಡಿಸೆಂಬರ್ 26ರಂದು ಶಂಕರರು ಕಾಲವಾದರು. 1991ರಲ್ಲಿ ಅವರ ನೆನಪಿಗಾಗಿ ಅಂಚೆಚೀಟಿಗಳು ಹೊರಬಂದವು. ಹುಟ್ಟಿದೂರಾದ ಕಾಯಂಕುಳದ ಬಳಿ ಅವರ ಹೆಸರಿನಲ್ಲಿ ವ್ಯಂಗ್ಯಚಿತ್ರಗಳ ಸಂಗ್ರಹಾಲಯವೂ ಆಗಿದೆ. ನೆಹರೂ ಹೌಸಿನಲ್ಲಿ ಗೊಂಬೆಗಳು ಗಾಜಿನ ಹಿಂದೆ ಸಾಲಾಗಿ ನಿಂತಿವೆ. ಶಾಲೆಗಳಿಂದ ಬರುವ ಮಕ್ಕಳು ಗಾಜಿಗೆ ಮೂಗು ತಾಗಿಸಿ ನೋಡುತ್ತಾರೆ. ಮೂಗಿನ ಗುರುತು ಗಾಜಿನ ಮೇಲೆ ಉಳಿಯುತ್ತದೆ, ಸಂಜೆ ಒರೆಸುತ್ತಾರೆ.