ಎರಡು ಹನಿಯ ವಿಜ್ಞಾನಿ ಆಲ್ಬರ್ಟ್ ಸೇಬಿನ್

ಮಕ್ಕಳೇ, ಪಲ್ಸ್ ಪೋಲಿಯೋ ಭಾನುವಾರದಂದು ಅಂಗನವಾಡಿಯ ಮುಂದೆ ತಾಯಂದಿರ ಸಾಲನ್ನು ನೋಡಿದ್ದೀರಲ್ಲವೇ? ಪುಟ್ಟ ಮಗುವಿನ ಬಾಯಿಗೆ ಎರಡು ಹನಿ ಹಾಕುತ್ತಾರೆ. ಎಡಗೈ ಕಿರುಬೆರಳಿಗೆ ಶಾಯಿಯ ಗುರುತು ಹಚ್ಚುತ್ತಾರೆ. ಅರೆನಿಮಿಷದಲ್ಲಿ ಕೆಲಸ ಮುಗಿಯಿತು! ಆದರೆ ಈ ಎರಡು ಹನಿಯ ಹಿಂದೆ ಒಬ್ಬ ವಿಜ್ಞಾನಿಯ ಸುಮಾರು ಮೂವತ್ತು ವರ್ಷಗಳ ದುಡಿಮೆ ಇದೆ. ಅವರೇ ಆಲ್ಬರ್ಟ್ ಸೇಬಿನ್.

ಹಲ್ಲಿನ ವೈದ್ಯರಾಗಬೇಕಿದ್ದ ಹುಡುಗ

ಸೇಬಿನ್ ಹುಟ್ಟಿದ್ದು 1906ರ ಆಗಸ್ಟ್ 26ರಂದು, ಬಿಯಾಲಿಸ್ಟಾಕ್ ಎಂಬ ಊರಿನಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದಲ್ಲಿತ್ತು, ಈಗ ಪೋಲೆಂಡ್ ದೇಶದಲ್ಲಿದೆ. ಅವರದು ಯಹೂದಿ ಕುಟುಂಬ. ಅಲ್ಲಿ ಯಹೂದಿಗಳಿಗೆ ನೆಮ್ಮದಿ ಇರಲಿಲ್ಲ. 1921ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು.

ಸಂಬಂಧಿಕರೊಬ್ಬರು ಹಲ್ಲಿನ ವೈದ್ಯರಾಗಿದ್ದರು. ತಮ್ಮಂತೆ ಹಲ್ಲಿನ ವೈದ್ಯನಾಗುವುದಾದರೆ ಓದಿನ ಖರ್ಚು ಕೊಡುವುದಾಗಿ ಅವರು ಹೇಳಿದರು. ಸೇಬಿನ್ ಕಾಲೇಜು ಸೇರಿದರು. ಆ ದಿನಗಳಲ್ಲಿ ಸೂಕ್ಷ್ಮಜೀವಿಗಳನ್ನು ಬೆನ್ನಟ್ಟಿದ ವಿಜ್ಞಾನಿಗಳ ಕಥೆಯಿರುವ ಪುಸ್ತಕವೊಂದು ಅವರ ಕೈಗೆ ಸಿಕ್ಕಿತು. ಅದನ್ನು ಓದಿದ ಮೇಲೆ ಹಲ್ಲಿನ ಓದು ರುಚಿಸಲಿಲ್ಲ. ತಾವೂ ರೋಗಗಳ ಮೂಲ ಹುಡುಕಬೇಕೆಂದು ವೈದ್ಯಕೀಯ ಓದಿಗೆ ತಿರುಗಿದರು. ಹಣದ ನೆರವು ನಿಂತುಹೋಯಿತು. ಸಣ್ಣಪುಟ್ಟ ಕೆಲಸ ಮಾಡಿ, ವಿದ್ಯಾರ್ಥಿವೇತನ ಪಡೆದು, 1931ರಲ್ಲಿ ವೈದ್ಯರಾದರು.

ಅದೇ ವರ್ಷ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಪೋಲಿಯೋ ಹರಡಿತು. ನಿನ್ನೆ ಓಡಾಡಿದ ಮಕ್ಕಳು ಇಂದು ಏಳಲಾರದೆ ಮಲಗಿದರು. ಈ ರೋಗಕ್ಕೆ ಔಷಧಿ ಇರಲಿಲ್ಲ. ಸೇಬಿನ್ ಪೋಲಿಯೋ ಸಂಶೋಧನೆಗೆ ಇಳಿದರು.

ವೈರಸ್ ಒಳಗೆ ಬರುವುದು ಎಲ್ಲಿಂದ?

ಪೋಲಿಯೋ ವೈರಸ್ ಮೂಗಿನಿಂದ ಹೊಕ್ಕು ನೇರವಾಗಿ ಮೆದುಳಿಗೆ ಹೋಗುತ್ತದೆ ಎಂದು ಆಗ ಹೆಚ್ಚಿನವರು ನಂಬಿದ್ದರು. ಸೇಬಿನ್ ಪೋಲಿಯೋದಿಂದ ಸತ್ತವರ ದೇಹಗಳನ್ನು ಪರೀಕ್ಷಿಸಿದರು. ಮೂಗಿನ ಭಾಗದಲ್ಲಿ ವೈರಸ್ ಕಾಣಲಿಲ್ಲ. ಕರುಳಿನಲ್ಲಿ ಮತ್ತು ಮಲದಲ್ಲಿ ಕಂಡಿತು! 1941ರ ಹೊತ್ತಿಗೆ ವಿಷಯ ಸ್ಪಷ್ಟವಾಯಿತು. ವೈರಸ್ ಬಾಯಿಯ ಮೂಲಕ ಹೊಟ್ಟೆ ಸೇರುತ್ತದೆ, ಕರುಳಿನಲ್ಲಿ ಬೆಳೆಯುತ್ತದೆ. ಮಲದಿಂದ ಕೊಳಕಾದ ನೀರು, ಆಹಾರ ಮತ್ತು ತೊಳೆಯದ ಕೈಗಳಿಂದ ಇನ್ನೊಬ್ಬರಿಗೆ ಹರಡುತ್ತದೆ.

ಹಾಗಾದರೆ ಕಾವಲುಗಾರನೂ ಕರುಳಿನಲ್ಲೇ ಇರಬೇಕಲ್ಲವೇ? ವೈರಸ್ ಬರುವ ದಾರಿಯಲ್ಲೇ ಲಸಿಕೆಯನ್ನೂ ಕಳುಹಿಸೋಣ ಎಂದು ಸೇಬಿನ್ ಯೋಚಿಸಿದರು. ಪೋಲಿಯೋ ವೈರಸ್‌ನಲ್ಲಿ ಮೂರು ಬಗೆ. ಪ್ರತಿಯೊಂದನ್ನೂ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ, ಶಕ್ತಿಗುಂದಿದ ವೈರಸ್‌ಗಳನ್ನು ಆರಿಸಿಕೊಂಡರು. ಇವು ಕರುಳಿನಲ್ಲಿ ಬೆಳೆದು ದೇಹಕ್ಕೆ ರೋಗದೊಡನೆ ಹೋರಾಡಲು ಕಲಿಸುತ್ತವೆ. ಆದರೆ ನರಗಳಿಗೆ ಹಾನಿ ಮಾಡುವ ಬಲ ಇವಕ್ಕೆ ತೀರ ಕಡಿಮೆ.

ಮೊದಲು ತಾವೇ ಕುಡಿದರು

ಸಾವಿರಾರು ಕೋತಿಗಳ ಮೇಲೆ ಪರೀಕ್ಷೆ ನಡೆದ ಮೇಲೂ ಮನುಷ್ಯರಿಗೆ ಕೊಡುವುದು ಸುಲಭದ ಮಾತಲ್ಲ. ಒಳಗಿರುವುದು ಜೀವಂತ ವೈರಸ್! ಸೇಬಿನ್ ಲಸಿಕೆಯನ್ನು ತಾವೇ ಕುಡಿದರು. ಹೆಂಡತಿಗೂ ತಮ್ಮ ಇಬ್ಬರು ಪುಟ್ಟ ಹೆಣ್ಣುಮಕ್ಕಳಿಗೂ ಕೊಟ್ಟರು. ಯಾರಿಗೂ ತೊಂದರೆಯಾಗಲಿಲ್ಲ.

ಅಷ್ಟರಲ್ಲಿ, 1955ರಲ್ಲಿ, ಜೋನಾಸ್ ಸಾಕ್ ಎಂಬ ವಿಜ್ಞಾನಿಯ ಚುಚ್ಚುಮದ್ದು ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದರಲ್ಲಿ ಇದ್ದದ್ದು ಸತ್ತ ವೈರಸ್. ಯಾವ ಲಸಿಕೆ ಮೇಲು ಎಂದು ಇಬ್ಬರ ನಡುವೆ ದೊಡ್ಡ ವಾದವೇ ನಡೆಯಿತು. ಸೇಬಿನ್ ಅವರ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಸೋವಿಯತ್ ಒಕ್ಕೂಟ ಮುಂದೆ ಬಂದಿತು. ಆಗ ಆ ದೇಶಕ್ಕೂ ಅಮೆರಿಕಕ್ಕೂ ಕಡುವೈರ. ಆದರೂ ಸೇಬಿನ್ ತಮ್ಮ ವೈರಸ್‌ಗಳನ್ನು ಅಲ್ಲಿನ ವಿಜ್ಞಾನಿ ಮಿಖಾಯಿಲ್ ಚುಮಕೋವ್ ಅವರಿಗೆ ಕೊಟ್ಟರು. 1959ರಲ್ಲಿ ಅಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಲಾಯಿತು. ಲಸಿಕೆ ಗೆದ್ದಿತು. 1960ರ ದಶಕದಲ್ಲಿ ಅಮೆರಿಕದ ಮಕ್ಕಳು ಸಕ್ಕರೆಯ ತುಂಡಿನ ಮೇಲೆ ಹಾಕಿದ ಹನಿಯನ್ನು ಚಪ್ಪರಿಸಿ ತಿಂದರು.

ಸೇಬಿನ್ ಈ ಲಸಿಕೆಗೆ ಪೇಟೆಂಟ್ ಪಡೆಯಲಿಲ್ಲ. ಅದರಿಂದ ಹಣ ಗಳಿಸುವ ಬದಲು, ಬಡ ದೇಶದ ಮಗುವಿಗೂ ಅದು ಸಿಗಲಿ ಎಂದು ಬಯಸಿದರು. ತಮ್ಮ ವೈರಸ್ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಉಚಿತವಾಗಿ ಒಪ್ಪಿಸಿದರು. 1993ರ ಮಾರ್ಚ್ 3ರಂದು ತೀರಿಕೊಂಡರು.

ಅವರು ನೋಡದೆ ಹೋದ ಗೆಲುವು

ಭಾರತದಲ್ಲಿ ಪಲ್ಸ್ ಪೋಲಿಯೋ ಆರಂಭವಾದದ್ದು 1995ರಲ್ಲಿ. ನಮ್ಮ ದೇಶದ ಕೊನೆಯ ಕಾಡು ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತ ಎಂದು ಘೋಷಣೆಯಾಯಿತು.

ಹಾಗಾದರೆ ಇನ್ನೂ ಹನಿ ಏಕೆ? ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದಲ್ಲಿ ಈ ವೈರಸ್ ಇನ್ನೂ ಉಳಿದಿದೆ. ಪ್ರಯಾಣಿಕರ ಜೊತೆ ಅದು ಎಲ್ಲಿಗೂ ಬರಬಹುದು. ಅಲ್ಲದೆ, ಲಸಿಕೆ ಪಡೆಯದ ಮಕ್ಕಳು ಬಹಳ ಇರುವ ಕಡೆ ಲಸಿಕೆಯ ಶಕ್ತಿಗುಂದಿದ ವೈರಸ್ ಕೂಡ ಬಹುಕಾಲ ಹರಡುತ್ತಾ ಮತ್ತೆ ಬಲ ಪಡೆಯುವುದುಂಟು. ಆದ್ದರಿಂದ ಒಂದು ಮಗುವೂ ತಪ್ಪಿಹೋಗಬಾರದು.

ಗುರುತಿಸುವುದು ಹೇಗೆ?

ವೈರಸ್ ಹೊಕ್ಕ ಬಹುಪಾಲು ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಕೆಲವರಿಗೆ ಜ್ವರ, ತಲೆನೋವು, ವಾಂತಿ, ಕತ್ತು ಬಿಗಿಯುವುದು, ಕೈಕಾಲು ನೋವು ಬರುತ್ತದೆ. ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಂಡು ಜೋತುಬೀಳುತ್ತದೆ. ಮುಟ್ಟಿದರೆ ತಿಳಿಯುತ್ತದೆ, ಆದರೆ ಎತ್ತಲಾಗದು. ಉಸಿರಾಟದ ಸ್ನಾಯುಗಳೇ ಸೋತರೆ ಜೀವಕ್ಕೂ ಅಪಾಯ.

ಹದಿನೈದು ವರ್ಷದೊಳಗಿನ ಯಾರಿಗಾದರೂ ಹೀಗೆ ಹಠಾತ್ತಾಗಿ ಕೈಕಾಲಿನ ಬಲ ಕುಂದಿದರೆ ಅಂದೇ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಬೇರೆ ಕಾಯಿಲೆಗಳಲ್ಲೂ ಹೀಗಾಗುವುದುಂಟು. ಅದಕ್ಕಾಗಿ ಮಲದ ಎರಡು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಮಲವನ್ನೇ ಏಕೆ ಪರೀಕ್ಷಿಸುತ್ತಾರೆ ಎಂದು ಈಗ ನಿಮಗೇ ಗೊತ್ತು!

ಪೋಲಿಯೋ ಬಂದ ಮೇಲೆ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಲಸಿಕೆಯೊಂದೇ ದಾರಿ. ಹುಟ್ಟಿದಾಗ, 6, 10 ಮತ್ತು 14ನೇ ವಾರಗಳಲ್ಲಿ, ಮತ್ತೆ ಒಂದೂವರೆ ವರ್ಷದ ಸುಮಾರಿಗೆ ಹನಿ ಹಾಕಿಸಬೇಕು. 6 ಮತ್ತು 14ನೇ ವಾರ ಹಾಗೂ 9ನೇ ತಿಂಗಳಲ್ಲಿ ಪೋಲಿಯೋ ಚುಚ್ಚುಮದ್ದೂ ಇದೆ. ಪಲ್ಸ್ ಪೋಲಿಯೋ ಹನಿ ಇವುಗಳ ಜೊತೆಗೆ ಹೆಚ್ಚುವರಿ, ಬದಲಿಗೆ ಅಲ್ಲ.

ಒಂದು ಸ್ವಾರಸ್ಯ ಗಮನಿಸಿದಿರಾ? ಜೀವನವಿಡೀ ವಾದ ಮಾಡಿದ ಸಾಕ್ ಮತ್ತು ಸೇಬಿನ್, ಆರು ವಾರದ ಮಗುವಿಗೆ ಇಂದು ಒಟ್ಟಿಗೆ ಕಾವಲು ನಿಂತಿದ್ದಾರೆ. ಒಬ್ಬರು ತೋಳಿನಲ್ಲಿ, ಇನ್ನೊಬ್ಬರು ಬಾಯಿಯಲ್ಲಿ!

ಮಾಡಿ ನೋಡಿ: ಮನೆಯಲ್ಲಿ ಪುಟ್ಟ ತಮ್ಮ ಅಥವಾ ತಂಗಿ ಇದ್ದರೆ, ಅಮ್ಮನನ್ನು ಕೇಳಿ ತಾಯಿ ಕಾರ್ಡ್ ತೆಗೆದು ನೋಡಿ. ಯಾವುದಾದರೂ ಲಸಿಕೆ ಬಾಕಿ ಇದೆಯೇ? ಇದ್ದರೆ ಇಂದೇ ಹಿರಿಯರಿಗೆ ನೆನಪಿಸಿ.