ಜಾತ್ರೆಯ ಡೇರೆಗಳಿಗೆ ಮಾಯಾಲೋಕ ಕಟ್ಟಿಕೊಟ್ಟ ಜಾರ್ಜ್ ಮೆಲಿಯೆಸ್

ಇಂದ್ರಜಾಲ, ಕುಣಿತ, ಹಾಸ್ಯಗಳನ್ನು ಕೆಲವೇ ನಿಮಿಷಗಳ ಚಿತ್ರಗಳಲ್ಲಿ ಸೆರೆಹಿಡಿದ ಜಾರ್ಜ್ ಮೆಲಿಯೆಸ್ ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಇಲ್ಲಿ ಪರಿಚಯಿಸುತ್ತಿದ್ದೇವೆ.

1861ರ ಡಿಸೆಂಬರ್ 8ರಂದು ಪ್ಯಾರಿಸ್ಸಿನಲ್ಲಿ ಜನಿಸಿದ ಮೆಲಿಯೆಸ್, ಬೂಟು ತಯಾರಿಸುವ ಸಿರಿವಂತ ಮನೆತನದವರು. ಲಂಡನ್ನಿನಲ್ಲಿದ್ದಾಗ ಅವರಿಗೆ ಜಾದೂವಿನ ಗೀಳು ಹತ್ತಿತು. 1888ರಲ್ಲಿ ಮನೆತನದ ಉದ್ಯಮದ ತಮ್ಮ ಪಾಲನ್ನು ಮಾರಿ, ರೊಬೇರ್ ಊದಾಂ ರಂಗಮಂದಿರವನ್ನು ಕೊಂಡರು. 1895ರಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರ ಪ್ರದರ್ಶನವನ್ನು ಕಂಡು ಬೆರಗಾದರು. ಆ ಯಂತ್ರವನ್ನು ಮಾರಲು ಲೂಮಿಯೇರ್ ಮನೆತನ ಒಪ್ಪದಿರಲು, ಲಂಡನ್ನಿನಿಂದ ಬೇರೊಂದು ಯಂತ್ರ ತರಿಸಿ, ಅದರ ಮಾದರಿಯಲ್ಲಿ ಕ್ಯಾಮೆರಾ ಸಿದ್ಧಪಡಿಸಿಕೊಂಡರು.

ಕ್ಯಾಮೆರಾವನ್ನು ನಿಲ್ಲಿಸಿ, ಪಾತ್ರಧಾರಿಯನ್ನು ಸರಿಸಿ, ಮತ್ತೆ ಚಾಲನೆಗೊಳಿಸಿದರೆ ಮನುಷ್ಯ ಕ್ಷಣದಲ್ಲಿ ಮಾಯವಾಗುತ್ತಾನೆ. ಒಂದೇ ಸುರುಳಿಯ ಮೇಲೆ ಮತ್ತೆ ಮತ್ತೆ ಚಿತ್ರಿಸಿದರೆ ಒಬ್ಬನೇ ಹಲವರಾಗುತ್ತಾನೆ. 1898ರ ಚಿತ್ರವೊಂದರಲ್ಲಿ ಅವರು ತಮ್ಮ ತಲೆಯನ್ನೇ ಕಿತ್ತು ಮೇಜಿನ ಮೇಲಿಡುತ್ತಾರೆ; 1900ರ ಇನ್ನೊಂದರಲ್ಲಿ ಏಳು ವಾದ್ಯಗಾರರೂ ಅವರೇ! ಮಾಂತ್ರೆಯಿಯಲ್ಲಿ ಗಾಜಿನ ಸ್ಟುಡಿಯೊ ಕಟ್ಟಿಸಿ, 1902ರ ಚಂದ್ರಯಾನದ ಕಥಾಚಿತ್ರವೂ ಸೇರಿದಂತೆ ಐನೂರಕ್ಕೂ ಹೆಚ್ಚು ಚಿತ್ರಗಳನ್ನು ನಿರ್ಮಿಸಿದರು.

ಈ ಚಿತ್ರಗಳನ್ನು ಬಹುವಾಗಿ ಕೊಳ್ಳುತ್ತಿದ್ದವರು ಊರೂರು ಅಲೆದು ಜಾತ್ರೆಗಳಲ್ಲಿ ಡೇರೆ ಹಾಕುತ್ತಿದ್ದ ಪ್ರದರ್ಶಕರು. ಆದರೆ ಕಾಯಂ ಚಿತ್ರಮಂದಿರಗಳು ತಲೆಯೆತ್ತಿದವು. ದೊಡ್ಡ ಕಂಪನಿಗಳು ಪ್ರತಿಗಳನ್ನು ಮಾರುವ ಬದಲು ಬಾಡಿಗೆಗೆ ಕೊಡಲಾರಂಭಿಸಿದವು. ಡೇರೆಗಳು ಸೊರಗಿದಂತೆ ಮೆಲಿಯೆಸ್ ಅವರೂ ಸೋತರು. ಯುದ್ಧಕಾಲದಲ್ಲಿ ಅವರ ಅನೇಕ ಚಿತ್ರಸುರುಳಿಗಳನ್ನು ಕರಗಿಸಿ ಬೂಟಿನ ಹಿಮ್ಮಡಿಗೆ ಬಳಸಲಾಯಿತು. 1923ರಲ್ಲಿ ರಂಗಮಂದಿರವೂ ನೆಲಸಮವಾಯಿತು. ಮನನೊಂದ ಅವರು ಉಳಿದ ಮೂಲಪ್ರತಿಗಳಿಗೆ ತಾವೇ ಬೆಂಕಿಯಿಟ್ಟರು. ಬಳಿಕ ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಪತ್ನಿಯೊಡನೆ ಆಟಿಕೆ, ಮಿಠಾಯಿ ಮಾರುತ್ತ ದಿನ ಕಳೆದರು.

ಪತ್ರಕರ್ತರು ಅಲ್ಲಿ ಅವರನ್ನು ಗುರುತಿಸಿದರು. ಹಳೆಯ ಪ್ರತಿಗಳ ಸಂಗ್ರಹವೊಂದು ದೊರೆತು, 1929ರಲ್ಲಿ ಪ್ಯಾರಿಸ್ ಅವರನ್ನು ಗೌರವಿಸಿತು. 1931ರಲ್ಲಿ ಲೀಜನ್ ಆಫ್ ಆನರ್ ಪ್ರಶಸ್ತಿ ಸಂದಿತು. 1938ರ ಜನವರಿ 21ರಂದು ಅವರು ತೀರಿಕೊಂಡರು.

ಅವರ ಚಿತ್ರಗಳಲ್ಲಿ ಸುಮಾರು ಇನ್ನೂರು ಇಂದಿಗೂ ಉಳಿದಿವೆ. ನಿರ್ಮಿಸಿದವರೇ ಸುಟ್ಟುದನ್ನು ದೇಶದೇಶಗಳಿಗೆ ಚದುರಿಹೋಗಿದ್ದ ಪ್ರತಿಗಳು ಕಾಪಾಡಿದವು. ಮಾತಿಲ್ಲದ ಆ ಚಿತ್ರಗಳಿಗೆ ಭಾಷೆಯ ಗಡಿಯೂ ಇಲ್ಲ. ಮಕ್ಕಳು ಅವನ್ನು ನೋಡಲಿ. ನಕ್ಕು ಮುಗಿದ ಮೇಲೆ, ಅಳಿದುಹೋದ ಮುನ್ನೂರು ಚಿತ್ರಗಳನ್ನೂ ಒಮ್ಮೆ ನೆನೆಯಲಿ ಎಂದು ಆಶಿಸುತ್ತೇವೆ.