ಎಲೆಗಳಿಗೆ ಜೀವ ಕೊಟ್ಟವರು: ಪಮೇಲಾ ಕೋಲ್ಮನ್ ಸ್ಮಿತ್

ಭವಿಷ್ಯ ಹೇಳುವವರು ಮುಂದೆ ಹರಡಿಕೊಳ್ಳುವ ಟ್ಯಾರೋ ಎಲೆಗಳನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ಅವು ನಿಜ ನುಡಿಯುತ್ತವೆಯೇ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ನಂಬುವುದು ಬಿಡುವುದು ಅವರವರ ಇಚ್ಛೆ. ಆದರೆ ಲೋಕದಾದ್ಯಂತ ಹಬ್ಬಿದ ಆ ಎಲೆಗಳ ಚಿತ್ರ ಬರೆದ ಕೈ ಯಾರದೆಂಬುದು ಬಹುಕಾಲ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಆ ಕಲಾವಿದೆಯ ಬಾಳನ್ನು ಇಲ್ಲಿ ನೆನೆಯುತ್ತೇವೆ.

ಪಮೇಲಾ ಕೋಲ್ಮನ್ ಸ್ಮಿತ್ 1878ರ ಫೆಬ್ರವರಿ 16ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆತಾಯಿ ಅಮೆರಿಕದವರು. ತಂದೆಯ ಉದ್ಯೋಗದ ನಿಮಿತ್ತ ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ ಕಳೆಯಿತು. ಅಲ್ಲಿ ಕೇಳಿದ ಜಾನಪದ ಕಥೆಗಳನ್ನು ಮುಂದೆ 1899ರಲ್ಲಿ ಸ್ವಂತ ಚಿತ್ರಗಳೊಡನೆ ಪುಸ್ತಕ ಮಾಡಿದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರಾಟ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರಕಲೆ ಕಲಿತರೂ ಪದವಿ ಪಡೆಯಲಿಲ್ಲ. ಇಪ್ಪತ್ತೊಂದು ತುಂಬುವಷ್ಟರಲ್ಲಿ ತಾಯಿ ಇರಲಿಲ್ಲ. 1899ರಲ್ಲಿ ತಂದೆಯೂ ತೀರಿಕೊಂಡರು.

ಆಸರೆಯಾದದ್ದು ಲಂಡನ್ನಿನ ಲೈಸಿಯಂ ನಾಟಕ ಮಂಡಳಿ. ಪ್ರಸಿದ್ಧ ನಟಿ ಎಲೆನ್ ಟೆರಿಯವರ ಬಳಗದಲ್ಲಿ ಪಮೇಲಾ ವೇಷಭೂಷಣ, ರಂಗಸಜ್ಜಿಕೆಯ ಕೆಲಸ ಕಲಿತರು. ನಿಂತ ಭಂಗಿಯಿಂದಲೇ ಮನಸ್ಸಿನ ಭಾವ ತೋರಿಸುವ ವಿದ್ಯೆ ಅವರಿಗೆ ದಕ್ಕಿದ್ದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ. 1907ರಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತಮ್ಮ ಛಾಯಾಚಿತ್ರ ಗ್ಯಾಲರಿಯಲ್ಲಿ ಇವರ ಚಿತ್ರಗಳ ಪ್ರದರ್ಶನ ಏರ್ಪಡಿಸಿದರು. ಛಾಯಾಚಿತ್ರವಲ್ಲದ ಕಲೆಗೆ ಅಲ್ಲಿ ಜಾಗ ಸಿಕ್ಕಿದ್ದು ಅದೇ ಮೊದಲು.

ಟ್ಯಾರೋ ಮೂಲತಃ 15ನೇ ಶತಮಾನದ ಇಟಲಿಯ ಇಸ್ಪೀಟಾಟ. ಒಟ್ಟು 78 ಎಲೆಗಳು. ಅವುಗಳಲ್ಲಿ 22 ವಿಶೇಷ ಎಲೆಗಳು. ಉಳಿದ 56 ದಂಡ, ಬಟ್ಟಲು, ಕತ್ತಿ, ನಾಣ್ಯವೆಂಬ ನಾಲ್ಕು ಬಣ್ಣಗಳಿಗೆ ಸೇರಿದವು. ಈ 56ರಲ್ಲಿ ರಾಜ ರಾಣಿಯರಂಥ 16 ಎಲೆಗಳನ್ನು ಬಿಟ್ಟರೆ ಮಿಕ್ಕ 40ರಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಬರೀ ಚಿಹ್ನೆಗಳು: ಐದು ಬಟ್ಟಲು, ಮೂರು ಕತ್ತಿ, ಇಷ್ಟೇ.

1909ರಲ್ಲಿ ಆರ್ಥರ್ ಎಡ್ವರ್ಡ್ ವೇಟ್ ಎಂಬ ಲೇಖಕರು ಹೊಸ ಎಲೆಗಳ ಚಿತ್ರರಚನೆಯನ್ನು ಪಮೇಲಾ ಅವರಿಗೆ ಒಪ್ಪಿಸಿದರು. ವಿಶೇಷ ಎಲೆಗಳ ವಿಷಯದಲ್ಲಿ ವೇಟ್ ಸೂಚನೆ ಕೊಟ್ಟರೆಂದೂ, ಮಿಕ್ಕವುಗಳಲ್ಲಿ ಬಹುಪಾಲು ಪಮೇಲಾ ಅವರ ಕಲ್ಪನೆಯೆಂದೂ ಸಂಶೋಧಕರ ಸಾಮಾನ್ಯ ಅಭಿಪ್ರಾಯ. ಆ ನಲವತ್ತು ಎಲೆಗಳಲ್ಲಿಯೂ ಅವರು ಒಂದೊಂದು ದೃಶ್ಯ ಬರೆದರು. ಐದು ಬಟ್ಟಲಿನ ಎಲೆಯನ್ನೇ ನೋಡಿರಿ. ಕಪ್ಪು ನಿಲುವಂಗಿ ಹೊದ್ದವರೊಬ್ಬರು ಉರುಳಿದ ಮೂರು ಬಟ್ಟಲುಗಳನ್ನು ನೋಡುತ್ತ ತಲೆ ತಗ್ಗಿಸಿ ನಿಂತಿದ್ದಾರೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿರುವುದು ಅವರ ಕಣ್ಣಿಗೆ ಬಿದ್ದಿಲ್ಲ. ಶಾಸ್ತ್ರ ಓದದವರಿಗೂ ಇದರ ಅರ್ಥ ಹೊಳೆಯುತ್ತದೆ. ಇಷ್ಟೂ ಕೆಲಸ ಸುಮಾರು ಆರು ತಿಂಗಳಲ್ಲಿ ಮುಗಿಯಿತು. ಸಂಭಾವನೆ ಮಾತ್ರ ತೀರ ಕಡಿಮೆಯೆಂದು ಪಮೇಲಾ ಅದೇ ವರ್ಷ ಸ್ಟೀಗ್ಲಿಟ್ಸ್‌ರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದರು.

1909ರ ಡಿಸೆಂಬರಿನಲ್ಲಿ ಲಂಡನ್ನಿನ ರೈಡರ್ ಸಂಸ್ಥೆ ಎಲೆಗಳನ್ನು ಹೊರತಂದಿತು. ಪ್ರಕಾಶಕರ ಹೆಸರು, ವೇಟರ ಹೆಸರು ಕೂಡಿ ಅವು ‘ರೈಡರ್-ವೇಟ್’ ಎಂದು ಪ್ರಸಿದ್ಧವಾದವು. ಬರೆದವರ ಹೆಸರು ಹಿಂದುಳಿಯಿತು.

ಪಮೇಲಾ 1911ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದರು. ಮುಂದೆ ಚಿಕ್ಕಪ್ಪನಿಂದ ಬಂದ ಆಸ್ತಿಯ ಬಲದಿಂದ ಕಾರ್ನ್‌ವಾಲ್ ಪ್ರಾಂತದಲ್ಲಿ ಪಾದ್ರಿಗಳ ವಿಶ್ರಾಂತಿಗೃಹ ನಡೆಸಿದರು. 1951ರ ಸೆಪ್ಟೆಂಬರ್ 18ರಂದು ಅಲ್ಲಿಯ ಬ್ಯೂಡ್ ಪಟ್ಟಣದಲ್ಲಿ ಬಡತನದಲ್ಲಿಯೇ ಕಣ್ಣು ಮುಚ್ಚಿದರು. ಸಾಲ ತೀರಿಸಲು ಅವರ ಸಾಮಾನುಗಳು ಹರಾಜಾದವು. ಸಮಾಧಿಗೆ ಗುರುತಿನ ಕಲ್ಲು ಸಹ ಇಲ್ಲ.

ಆದರೂ ಒಂದು ಗುರುತು ಅಳಿಯಲಿಲ್ಲ. ತಮ್ಮ ಹೆಸರಿನ ಮೂರು ಮೊದಲಕ್ಷರಗಳನ್ನು ಬಳ್ಳಿಯಂತೆ ಹೆಣೆದು ಎಲೆಗಳ ಮೂಲೆಯಲ್ಲಿ ಅವರು ಸಹಿ ಹಾಕಿದ್ದರು. ಆ ಸಹಿಯ ಜಾಡು ಹಿಡಿದವರ ಪ್ರಯತ್ನದಿಂದ ಇಂದು ‘ರೈಡರ್-ವೇಟ್-ಸ್ಮಿತ್’ ಎಂಬ ಹೆಸರೂ ರೂಢಿಗೆ ಬಂದಿದೆ.

ಸ್ವಂತ ಟ್ಯಾರೋ ಎಲೆ ರಚಿಸುವ ಹವ್ಯಾಸ ಈಗ ಅನೇಕ ಯುವಕ ಯುವತಿಯರಲ್ಲಿದೆ. ಅವರಿಗೆ ಈ ಬಾಳು ಮೂರು ಪಾಠ ಹೇಳುತ್ತದೆಂದು ನಮಗೆ ತೋರುತ್ತದೆ. ಚಿಹ್ನೆ ಎಣಿಸುವುದಕ್ಕಿಂತ ಮನುಷ್ಯನ ಸುಖದುಃಖ ಬರೆಯುವುದು ಮೇಲು. ಬರೆದ ಮೇಲೆ ಮೂಲೆಯಲ್ಲಿ ಹೆಸರು ಹಾಕಲು ಮರೆಯಬಾರದು. ಬೇರೆಯವರಿಗಾಗಿ ಬರೆಯುವುದಾದರೆ ಕೂಲಿಯ ಮಾತನ್ನು ಮೊದಲೇ ಕಾಗದದ ಮೇಲೆ ಮುಗಿಸಿಕೊಳ್ಳಬೇಕು.